ಅವಲಂಬಿತರ ಪುಟ

ಮಿರಜ
೨ ನವೆಂಬರ್ ೧೯೮೭

ಗಂ. ಭಾ. ಅಲಕಾಗೆ,

ನಿನ್ನ ಅಣ್ಣ ಜಿನಪ್ಪ ಗಿರಣಿಯ ಅರ್ಜಿಯನ್ನು ಬಾಗಿಲಲ್ಲೇ ಕೊಟ್ಟು ಹೋದ. ಚಹಕ್ಕೆ ಕರೆದೆ, ಬಸ್ಸು ತಪ್ಪುತ್ತದೆ ಎಂದ. ಮಿರಜದಿಂದ ಸಾಂಗ್ಲಿಗೆ ಹತ್ತು ನಿಮಿಷಕ್ಕೊಂದು ಬಸ್ಸಿದೆ. ಇರಲಿ.

ಅರ್ಜಿಯನ್ನು ಸಹಿ ಮಾಡದೆ ಇದರೊಳಗೆ ಮಡಿಚಿ ತಿರುಗಿ ಕಳಿಸಿದ್ದೇನೆ. ನಾನು ಕಾಗವಾಡದ ಹೈಸ್ಕೂಲಿನಲ್ಲಿ ಕಲಿತವಳು. ಕನ್ನಡವಾಗಲಿ ಮರಾಠಿಯಾಗಲಿ, ಸಹಿ ಮಾಡುವ ಮೊದಲು ಪೂರ್ತಿ ಓದುವ ಅಭ್ಯಾಸವಿದೆ. ತೀರಿಕೊಂಡ ಕಾಮಗಾರನ ಕುಟುಂಬಕ್ಕೆ ದವಾಖಾನೆಯ ಕಾರ್ಡು ಮುಂದುವರಿಸುವ ಅರ್ಜಿ ಎಂದು ಮೇಲೆ ಬರೆದಿದೆ. ಕುಟುಂಬ ಪ್ರಮುಖರು ಎಂಬಲ್ಲಿ ನಿನ್ನ ಹೆಸರು. ಅದರ ಕೆಳಗೆ ಅವಲಂಬಿತರು ಎಂಬಲ್ಲಿ ನನ್ನ ಹೆಸರು.

ನಿನ್ನ ಮಾವ ಹೋದಾಗ ನನ್ನ ಮಗ ಬಾಹುಬಲಿಗೆ ನಾಲ್ಕು ವರ್ಷ. ಹಪ್ಪಳ ಲಟ್ಟಿಸಿ ಅವನನ್ನು ಓದಿಸಿದೆ, ಸಹಕಾರಿ ನೂಲಿನ ಗಿರಣಿಯಲ್ಲಿ ಕಾಯಂ ಆಗುವವರೆಗೆ ಬೆಳೆಸಿದೆ. ಇಂದು ಈ ಓಣಿಯ ಹನ್ನೊಂದು ಹೆಂಗಸರು ನನ್ನ ಕಣ್ಣೆದುರು ಲಟ್ಟಿಸುತ್ತಾರೆ. ದುಂಡಗಿಲ್ಲದ ಹಪ್ಪಳ ನಮ್ಮ ಸಂಘದಿಂದ ಹೊರಗೆ ಹೋಗುವುದಿಲ್ಲ. ನಾನು ಯಾರ ಅವಲಂಬಿತಳೂ ಅಲ್ಲ. ಗಂಡ ಹೋಗಿ ಇಪ್ಪತ್ತು ದಿನಕ್ಕೆ ಗಂಟು ಕಟ್ಟಿಕೊಂಡು ಅಣ್ಣನ ಮನೆ ಸೇರಿದವಳ ಅವಲಂಬಿತಳಂತೂ ಅಲ್ಲ.

ಬಾಹುಬಲಿಗೆ ಕಾಮಾಲೆಯಾದಾಗ ಈ ಕಾರ್ಡಿನ ನೆನಪು ನಿನಗೆ ಬಂದಿದ್ದರೆ ಇವತ್ತು ಮುಂದುವರಿಸುವ ಮಾತೇ ಬರುತ್ತಿರಲಿಲ್ಲ.

ಪದ್ಮವ್ವ


ಸಾಂಗ್ಲಿ
೭ ನವೆಂಬರ್ ೧೯೮೭

ಪೂಜ್ಯ ಅತ್ತೆಯವರಿಗೆ ಅಲಕಾಳ ನಮಸ್ಕಾರ.

ಅರ್ಜಿ ತಿರುಗಿ ಬಂತು. ಮತ್ತೆ ಕಳಿಸುತ್ತಿದ್ದೇನೆ. ಸಿಟ್ಟಾಗಬೇಡಿ.

ಅದರಲ್ಲಿರುವ ಮಾತು ನನ್ನದಲ್ಲ, ಅಚ್ಚಿನದು. ಅವರ ಕಾರ್ಡಿನಲ್ಲಿಯೂ ನೀವು ಅದೇ ಮಾತಿನ ಕೆಳಗೆ ಇದ್ದಿರಿ, ನಾನೂ ಇದ್ದೆ. ಅವರಿಲ್ಲದ ಮೇಲೆ ಇಬ್ಬರೂ ಆ ಕಾರ್ಡಿಗೆ ಸಲ್ಲುವುದಿಲ್ಲ. ಗಿರಣಿಯ ಆರೋಗ್ಯ ನಿಧಿಯ ಗುಮಾಸ್ತ ಮಾಯಪ್ಪನವರು ಎಲ್ಲ ತಿಳಿಸಿ ಹೇಳಿದರು. ಅರವತ್ತು ದಿನದೊಳಗೆ ಅರ್ಜಿ ಕೊಟ್ಟರೆ ಇನ್ನು ಮೂರು ವರ್ಷ ನಡೆಯುತ್ತದೆ, ಆದರೆ ಹೆಂಡತಿಯ ಹೆಸರಿನಲ್ಲಿ ಮಾತ್ರ. ತಾಯಿಯ ಹೆಸರಿನಲ್ಲಿ ಮಾಡಿಕೊಡಿ ಎಂದು ನಾನೇ ಕೇಳಿದೆ. "ನಿಯಮ ನಾ ಬರದದ್ದಲ್ಲ ತಂಗಿ. ಬರದವರು ಪುಣೆದಾಗ ಕುಂತಾರ" ಎಂದರು. ಹದಿನೇಳನೇ ತಾರೀಖು ಕೊನೆಯ ದಿನ.

ಖರ್ಚಿನ ಚಿಂತೆ ಬೇಡ. ಅವರ ಕೆಲಸ ನೋಡಿ ವಂತಿಗೆಯನ್ನು ಗಿರಣಿಯವರೇ ತುಂಬುತ್ತಾರಂತೆ.

ಹಿಟ್ಟು ನಾದುವಾಗ ಹೊಟ್ಟೆ ಹಿಡಿದುಕೊಂಡು ಕೂರುತ್ತಿದ್ದಿರಿ. ಈಗ ಹೇಗಿದೆ? ಒಮ್ಮೆ ತೋರಿಸಬೇಕು ಎಂದು ಅವರೂ ಅನ್ನುತ್ತಿದ್ದರು.

ಅಲಕಾ


ಮಿರಜ
೧೨ ನವೆಂಬರ್ ೧೯೮೭

ಗಂ. ಭಾ. ಅಲಕಾಗೆ,

ಸಹಿ ಮಾಡಿದ್ದೇನೆ. ಪಕ್ಕದ ಮನೆಯ ಸೋನಾಬಾಯಿಯ ಗಂಡ ಸಾಂಗ್ಲಿಯ ಅರಿಶಿಣ ಪೇಟೆಗೆ ಬರುವವನಿದ್ದಾನೆ. ಅವನ ಕೈಯಲ್ಲಿ ಕಳಿಸಿದ್ದೇನೆ.

ನಿನ್ನ ಮಾತಿಗೆ ಒಪ್ಪಿದೆ ಎಂದು ತಿಳಿಯಬೇಡ. ನನ್ನ ಮಗನ ಗೌರವಕ್ಕೆ ಗಿರಣಿಯವರು ಕೊಡುತ್ತಿರುವಾಗ ಬೇಡ ಎಂದರೆ ಅವನಿಗೆ ಅವಮಾನವಾಗುತ್ತದೆ. ಅದಕ್ಕಾಗಿ ಸಹಿ.

ಮಗನ ಕೆಳಗೆ ಹೆಸರು ಬರೆಸಿಕೊಳ್ಳುವುದು ಬೇರೆ, ಸೊಸೆಯ ಕೆಳಗೆ ಬರೆಸಿಕೊಳ್ಳುವುದು ಬೇರೆ. ಕಾಗದದ ಮೇಲೆ ನೀನು ಪ್ರಮುಖಳು. ಕಾಗದದ ಹೊರಗೆ ಅಲ್ಲ. ಕಾರ್ಡು ಸಿಕ್ಕಾಗ ಅಂಚೆಯಲ್ಲಿ ಕಳಿಸು. ತಂದುಕೊಡುವ ಕಾರಣವಿಲ್ಲ.

ನನ್ನ ಹೊಟ್ಟೆಗೆ ಏನೂ ಆಗಿಲ್ಲ. ಉಷ್ಣ.

ಪದ್ಮವ್ವ


ಸಾಂಗ್ಲಿ
೨೦ ಫೆಬ್ರುವರಿ ೧೯೮೮

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ಇವತ್ತು ಗಿರಣಿಗೆ ಹೋಗಿ ಸಹಿ ಮಾಡಿ ಬಂದೆ. ಮೂರು ತಿಂಗಳಿಗೊಮ್ಮೆ ನಾನೇ ಹೋಗಿ, ಮರುವಿವಾಹ ಆಗಿಲ್ಲ ಎಂದು ಬರೆದುಕೊಡಬೇಕು. ಆಗ ಮಾತ್ರ ಕಾರ್ಡು ನಡೆಯುತ್ತದೆ. ಈಗ ಮೇ ತಿಂಗಳವರೆಗೆ ಚಿಂತೆಯಿಲ್ಲ. ದವಾಖಾನೆಗೆ ಹೋಗಿ ಬನ್ನಿ.

ಅಲಕಾ


ಮಿರಜ
೩ ಏಪ್ರಿಲ್ ೧೯೮೮

ಗಂ. ಭಾ. ಅಲಕಾಗೆ,

ಮೊದಲನೆಯದು, ಇಂಥ ಮಾತುಗಳನ್ನು ಪೋಸ್ಟ್‌ಕಾರ್ಡಿನಲ್ಲಿ ಬರೆಯಬೇಡ. ಅಂಚೆಯವನಿಗೆ ಕನ್ನಡ ಬಾರದು, ಆದರೆ ಸೋನಾಬಾಯಿಗೆ ಬರುತ್ತದೆ. ನನಗಿಂತ ಮೊದಲು ಅವಳೇ ಓದಿದ್ದಳು.

ದವಾಖಾನೆಗೆ ಹೋಗಿದ್ದೆ. ನೀನು ಹೇಳಿದ್ದಕ್ಕಲ್ಲ, ಬಿ.ಪಿ.ಯ ಗುಳಿಗೆ ಮುಗಿದಿದ್ದವು. ಬೆಳಿಗ್ಗೆ ಎಂಟಕ್ಕೆ ಚೀಟಿ ತೆಗೆಸಿದರೆ ಹನ್ನೆರಡಕ್ಕೆ ಪಾಳಿ ಬಂತು. ಬಾಕಿನ ಮೇಲೆ ನನ್ನ ಆಚೆ ಈಚೆ ಕೂತವರೆಲ್ಲ ಇಬ್ಬಿಬ್ಬರು, ಮೂವರು ಮೂವರು ಬಂದಿದ್ದರು. ಒಬ್ಬರು ಎದ್ದು ನೀರು ಕುಡಿಯಲು ಹೋದರೆ ಇನ್ನೊಬ್ಬರು ಜಾಗ ಕಾಯುತ್ತಿದ್ದರು. ನಾನು ನೀರಿಗೆ ಏಳಲಿಲ್ಲ.

ಕೊನೆಗೆ ಔಷಧ ಕೊಡುವವನು ಕಿಟಕಿಯಿಂದ ತಲೆ ಹೊರಗೆ ಹಾಕಿ ಎಲ್ಲರಿಗೂ ಕೇಳುವಂತೆ, ಅಲಕಾ ಮಗದುಮ ಅವರ ಅವಲಂಬಿತರು ಯಾರು ಎಂದು ಮರಾಠಿಯಲ್ಲಿ ಕೂಗಿದ. ಎರಡು ಸಲ ಕೂಗಿದರೂ ನಾನು ಏಳಲಿಲ್ಲ. ಮೂರನೇ ಸಲಕ್ಕೆ ಎದ್ದು ಹೋಗಿ, "ನನಗೊಂದು ಹೆಸರೈತಿ. ಅದೂ ಅದರಾಗ ಬರದೈತಿ, ಕಣ್ಣ ತೆರದು ನೋಡು" ಎಂದೆ. ಅವನಿಗೆ ಕನ್ನಡ ಬರುವುದಿಲ್ಲ. ಗುಳಿಗೆ ಕೊಟ್ಟ.

ಸೋನಾಬಾಯಿಗೆ ಹೇಳಿದರೆ ಅವಳು ನಕ್ಕು, "ಪದ್ಮಕ್ಕ, ನೀ ಅವಲಂಬಿತ ಆದ್ರ ಈ ಓಣ್ಯಾಗ ನಾವೆಲ್ಲಾ ಏನ್ ಆಗೂನು? ನಿನ್ನ ಕೇಳಲಾರದ ಇಲ್ಲಿ ಹಪ್ಪಳಾನೂ ಒಣಗೂದಿಲ್ಲ" ಎಂದಳು.

ಒಂದು ಮಾತು. ಕಾರ್ಡಿನಲ್ಲಿ ಒಬ್ಬೊಬ್ಬರಿಗೆ ಒಂದೊಂದು ಪುಟವಿದೆ. ನನ್ನ ಪುಟದಲ್ಲಿ ಐದು ಶಿಕ್ಕೆ ಬಿದ್ದಿವೆ. ನಿನ್ನ ಪುಟ ಖಾಲಿ ಇದೆ. ಮಳೆಗಾಲ ಬಂದರೆ ನಿನಗೆ ಕೆಮ್ಮು ಬರುತ್ತದೆ. ಅಂಚೆಯಲ್ಲಿ ಬೇಕಾದರೆ ಕಾರ್ಡು ಕಳಿಸುತ್ತೇನೆ. ಅಥವಾ ನಿನ್ನ ಅಣ್ಣನ ಮನೆಯಲ್ಲಿ ಇದಕ್ಕಿಂತ ದೊಡ್ಡ ಡಾಕ್ಟರರು ಸಿಗುತ್ತಾರೇನೋ.

ಪದ್ಮವ್ವ


ಮಿರಜ
೧೪ ಅಕ್ಟೋಬರ್ ೧೯೮೮

ಅಲಕಾಗೆ,

ಆರು ತಿಂಗಳಿನಿಂದ ನೀನೂ ಬರೆದಿಲ್ಲ, ನಾನೂ ಬರೆದಿಲ್ಲ. ಬಾಹುಬಲಿ ಹೋಗಿ ವರ್ಷ ತುಂಬಿದ ದಿನ ನೀನು ಬರುತ್ತೀಯೆಂದು ನಾನು ತಿಳಿದಿರಲಿಲ್ಲ. ಆದರೂ ಅಕ್ಕಿ ಒಂದು ಹಿಡಿ ಹೆಚ್ಚು ಹಾಕಿದ್ದೆ. ಮರುದಿನ ನಾನೇ ಉಂಡೆ.

ನಿನ್ನೆ ಒಬ್ಬರು ಬಂದು ಹೇಳಿದ ಮಾತು ಬರೆಯುತ್ತೇನೆ. ಮಾಲಗಾಂವದ ಪಾರ್ಶ್ವನಾಥ ಎಂಬವನು, ಹೆಂಡತಿ ತೀರಿದವನು, ದ್ರಾಕ್ಷಿ ತೋಟದವನು, ಮೂರು ಸಲ ನಿನ್ನ ಅಣ್ಣನ ಮನೆಗೆ ಬಂದು ಹೋದನಂತೆ. ಅವನ ಚಿಕ್ಕ ಹುಡುಗಿ ನಿನ್ನ ತೊಡೆಯ ಮೇಲೆ ಕೂತು ಉಂಡಳಂತೆ. ಉಡಿಕಿಯ ಮಾತು ನಡೆದಿದೆಯಂತೆ. ಓಣಿಗೆಲ್ಲ ಗೊತ್ತಾದ ಮೇಲೆ ನನಗೆ ಗೊತ್ತಾಯಿತು.

ನಮ್ಮವರಲ್ಲಿ ವಿಧವೆ ಉಡಿಕಿಯಾಗಿ ಇನ್ನೊಂದು ಮನೆ ಸೇರುವುದು ಹೊಸದಲ್ಲ. ಮಾಡಿಕೊಳ್ಳುವವರು ಮಾಡಿಕೊಳ್ಳುತ್ತಾರೆ. ನಾನು ಇಪ್ಪತ್ತಾರನೆಯ ವಯಸ್ಸಿಗೆ ಮಾಡಿಕೊಳ್ಳಲಿಲ್ಲ, ಅದು ನನ್ನ ವಿಚಾರ. ಆದರೆ ಮೂರು ತಿಂಗಳಿಗೊಮ್ಮೆ ಗಿರಣಿಗೆ ಹೋಗಿ ಬಾಹುಬಲಿಯ ವಿಧವೆ ಎಂದು ಸಹಿ ಮಾಡುವುದು, ಸಂಜೆ ಬಂದು ಇನ್ನೊಬ್ಬನಿಗೆ ಚಹ ಸೋಸುವುದು, ಇದು ಯಾವ ರೀತಿ? ನನ್ನ ಮಗನ ಹೆಸರು ನಿನಗೆ ದವಾಖಾನೆಯ ಸವಲತ್ತಿಗೆ ಮಾತ್ರ ಬೇಕೇ? ಮಾಡಿಕೊಳ್ಳುವುದಿದ್ದರೆ ಅವನ ಹೆಸರು ಬಿಡು. ಅವನ ಹೆಸರು ಇಟ್ಟುಕೊಳ್ಳುವುದಿದ್ದರೆ ಅಂಗಳಕ್ಕೆ ಬಂದವರಿಗೆ ದಾರಿ ತೋರಿಸು.

ಯಾವುದೆಂದು ಎರಡು ಸಾಲಿನಲ್ಲಿ ಬರೆ.

ಪದ್ಮವ್ವ


ಸಾಂಗ್ಲಿ
೨೨ ಅಕ್ಟೋಬರ್ ೧೯೮೮

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ಬಂದವರಿಗೆ ಆಗುವುದಿಲ್ಲ ಎಂದು ಹೇಳಿದ್ದೇನೆ. ಕಾರಣ ಕೇಳಬೇಡಿ.

ವರ್ಷ ತುಂಬಿದ ದಿನ ನಾನು ಮಿರಜದ ಬಸ್ ನಿಲ್ದಾಣದವರೆಗೆ ಬಂದಿದ್ದೆ.

ಅಲಕಾ


ಮಿರಜ
೧೧ ನವೆಂಬರ್ ೧೯೮೮

ಗಂ. ಭಾ. ಅಲಕಾಗೆ,

ದೀಪಾವಳಿ ಮುಗಿಯಿತು. ನಿರ್ವಾಣ ಲಾಡು ಏರಿಸಲು ಬಸದಿಗೆ ಹೋಗಿ ಬಂದೆ. ಸೋನಾಬಾಯಿಯ ಗಂಡನ ಕೈಯಲ್ಲಿ ಒಂದು ಡಬ್ಬಿ ಕಳಿಸಿದ್ದೇನೆ. ಉದ್ದಿನ ಹಪ್ಪಳ, ಮೆಣಸು ಜಾಸ್ತಿ ಹಾಕಿದವು. ಮಾರಾಟಕ್ಕೆ ಅಷ್ಟು ಹಾಕುವುದಿಲ್ಲ. ನಿನಗೆ ಅವು ಸೇರುತ್ತಿದ್ದವು.

ನಿನ್ನ ಎರಡು ಸಾಲು ತಲುಪಿದವು. ಕಾರಣ ಕೇಳಬೇಡಿ ಎಂದು ಬರೆದೆ. ಕೇಳುವ ಅಗತ್ಯವೇನಿದೆ, ನನಗೆ ಗೊತ್ತಾಗುವುದಿಲ್ಲವೇ. ನಾನೂ ಇಪ್ಪತ್ತಾರರಲ್ಲಿ ಹಾಗೆಯೇ ಹೇಳಿದ್ದೆ. ಯಾರಿಗೂ ಕಾರಣ ಕೊಡಲಿಲ್ಲ. ನೀನು ನನ್ನ ಮಗನ ಹೆಸರು ಕಾಯ್ದೆ. ಮೂರೇ ವರ್ಷದ ಸಂಸಾರಕ್ಕೆ ಇಷ್ಟು ಗಟ್ಟಿ ಇರುತ್ತೀಯೆಂದು ನಾನು ಎಣಿಸಿರಲಿಲ್ಲ. ಹಿಂದಿನ ಪತ್ರದಲ್ಲಿ ಬರೆದ ಮಾತು ಸ್ವಲ್ಪ ಹೆಚ್ಚಾಯಿತು.

ದವಾಖಾನೆಯಲ್ಲಿ ಹೊಟ್ಟೆಯ ಫೋಟೋ ತೆಗೆದರು. ವಿಶೇಷವೇನಿಲ್ಲ. ವಯಸ್ಸಾದವರನ್ನು ಕಂಡರೆ ಏನಾದರೊಂದು ತೆಗೆಯುತ್ತಾರೆ.

ಸಂಜೆ ಐದಕ್ಕೆ ಹೆಂಗಸರೆಲ್ಲ ಮನೆಗೆ ಹೋದ ಮೇಲೆ ಲಟ್ಟಣಿಗೆಗಳನ್ನು ಒರೆಸಿ ಇಡುತ್ತೇನೆ. ಹನ್ನೆರಡು ಇವೆ. ಅಷ್ಟೊತ್ತಿಗೆ ಇಷ್ಟು ಸದ್ದಿದ್ದ ಮನೆಯೇ ಇದು ಎನ್ನಿಸುತ್ತದೆ.

ಡಬ್ಬಿ ತಿರುಗಿ ಕಳಿಸುವ ಅವಸರವಿಲ್ಲ.

ಪದ್ಮವ್ವ


ಸಾಂಗ್ಲಿ
೮ ಫೆಬ್ರುವರಿ ೧೯೮೯

ಪೂಜ್ಯ ಅತ್ತೆಯವರಿಗೆ ನಮಸ್ಕಾರ.

ಹಪ್ಪಳ ಎಲ್ಲರೂ ತಿಂದೆವು. ನಾಲ್ಕು ನನಗೆಂದು ಎತ್ತಿಟ್ಟುಕೊಂಡಿದ್ದೆ. ನಿಮ್ಮ ಪತ್ರಕ್ಕೆ ಎರಡು ಸಲ ಉತ್ತರ ಬರೆದು ಹರಿದೆ. ನೀವು ನನ್ನ ಬಗ್ಗೆ ಬರೆದ ಒಳ್ಳೆಯ ಮಾತು ನನಗೆ ಸಲ್ಲುತ್ತದೋ ಇಲ್ಲವೋ ತಿಳಿಯದು.

ಇವತ್ತು ಸಹಿ ಮಾಡಲು ಹೋದಾಗ ಮಾಯಪ್ಪನವರು ದವಾಖಾನೆಯಿಂದ ಬಂದ ಕಾಗದ ತೋರಿಸಿದರು. ಆಪರೇಶನ್ನಿಗೆ ಮಂಜೂರಿ ಬೇಕಾದರೆ ಕಾರ್ಡಿನ ಪ್ರಮುಖರ ಸಹಿ ಬೇಕಂತೆ. ಹಾಗಾಗಿ ನನಗೆ ಗೊತ್ತಾಯಿತು. ಗರ್ಭಚೀಲದಲ್ಲಿ ಗಡ್ಡೆ ಎಂದು ಅದರಲ್ಲಿದೆ. ರಕ್ತ ತೀರ ಕಡಿಮೆ, ನಾಲ್ಕು ತಿಂಗಳು ಔಷಧ ಕೊಟ್ಟು ಜುಲೈಯಲ್ಲಿ ತೆಗೆಯಬೇಕು, ಅದಕ್ಕಿಂತ ತಡ ಮಾಡಬಾರದು ಎಂದೂ ಇದೆ. ನೀವು ವಿಶೇಷವೇನಿಲ್ಲ ಎಂದು ಬರೆದಿದ್ದಿರಿ.

ಸಹಿ ಮಾಡಿದ್ದೇನೆ. ಕಾರ್ಡು ಮುಂದಿನ ವರ್ಷ ಸೆಪ್ಟೆಂಬರ್ ತನಕ ನಡೆಯುತ್ತದೆ. ನಡೆಸುವವಳು ನಾನಿದ್ದೇನೆ. ನೀವು ಔಷಧ ಬಿಡಬೇಡಿ, ಹಿಟ್ಟು ನಾದಬೇಡಿ. ಸರ್ಕಾರಿ ದವಾಖಾನೆಯಲ್ಲಾದರೆ ಪಾಳಿ ಬರುವುದು ಯಾವಾಗಲೋ. ಇಲ್ಲಿ ತಾರೀಖು ಗೊತ್ತಾಗಿದೆ.

ಜುಲೈಯಲ್ಲಿ ನಾನು ಬಂದು ನಿಮ್ಮ ಹತ್ತಿರ ಇರಲೇ? ವಾರ್ಡಿನಲ್ಲಿ ಇದ್ದು ಹಾಗೆಯೇ ತಿರುಗಿ ಬರುತ್ತೇನೆ, ಮನೆಗೆ ಬರುವುದಿಲ್ಲ.

ಅಲಕಾ


ಮಿರಜ
೨೯ ಮಾರ್ಚ್ ೧೯೮೯

ಅಲಕಾಗೆ,

ಇವತ್ತು ನಾನೇ ಗಿರಣಿಗೆ ಹೋಗಿದ್ದೆ. ದವಾಖಾನೆಯವರು ಒಂದು ಕಾಗದಕ್ಕೆ ಶಿಕ್ಕೆ ಒತ್ತಿಸಿಕೊಂಡು ಬನ್ನಿ ಎಂದಿದ್ದರು. ನಿನ್ನನ್ನು ಮತ್ತೆ ಓಡಾಡಿಸುವುದು ಬೇಡ ಎಂದು ಹೋದೆ. ಅಲ್ಲಿ ಏನಾಯಿತೆಂದು ಆದ ಹಾಗೆಯೇ ಬರೆಯುತ್ತೇನೆ.

ಮಾಯಪ್ಪ ನನ್ನನ್ನು ಕಂಡು ಎದ್ದು ನಿಂತ. "ಬರ್ರಿ ಅವ್ವಾರ, ಕುಂದ್ರಿ" ಎಂದ.

"ಕುಂದ್ರಾಕ ಬಂದಿಲ್ಲ. ಇದಕ್ಕೊಂದು ಶಿಕ್ಕಾ ಒತ್ತು" ಎಂದೆ.

"ಒತ್ತತೇನ್ರಿ. ಸೊಸಿ ಬರಲಿಲ್ಲೇನು? ಈ ಸಲದ ವಂತಿಗಿ ಇನ್ನೊಂದಿಷ್ಟು ತುಂಬೂದು ಐತಿ."

"ಎಂಥಾ ವಂತಿಗಿ? ನನ್ನ ಮಗನ ಹೆಸರಿಗೆ ಗಿರಣೀನ ತುಂಬತೈತಿ."

ಅವನು ಕನ್ನಡಕ ತೆಗೆದು ನನ್ನ ಮುಖ ನೋಡಿದ. "ಹಂಗ ಯಾರ ಹೇಳ್ಯಾರ್ರಿ? ಕೆಲಸದಾಗ ಇದ್ದವರದು ಅರ್ಧ ಗಿರಣಿ ತುಂಬತೈತಿ. ಹೋದವರ ಮನಿಯವರದು ಪೂರಾ ಅವರ ಕೈಲಿಂದ. ನಿಮ್ಮ ಸೊಸಿ ಪೇಟ್ಯಾಗ ಅರಿಶಿಣ ಆರಿಸಿ ತಂದು ತುಂಬತಾಳ. ಆಕಿ ಕೈ ನೋಡಿಲ್ಲೇನು ನೀವು? ಉಗುರೆಲ್ಲಾ ಹಳದಿ ಆಗ್ಯಾವ."

ನಾನು ನಿನ್ನ ಕೈ ನೋಡಿ ಒಂದೂವರೆ ವರ್ಷವಾಗಿದೆ. ಕುರ್ಚಿಯ ಮೇಲೆ ಕೂತೆ.

ಅವನು ನೀರು ತರಿಸಿದ. ಆಮೇಲೆ ದನಿ ಇಳಿಸಿ, "ಇನ್ನೊಂದು ಮಾತ ಐತ್ರಿ, ತಪ್ಪು ತಿಳಕೋಬ್ಯಾಡ್ರಿ" ಎಂದು ಕಪಾಟಿನಿಂದ ಒಂದು ಕಾಗದ ತೆಗೆದ. ನಿನ್ನ ಅಕ್ಷರ. ನಾನು ಮರುವಿವಾಹವಾದರೆ ನನ್ನ ಹೆಸರು ತೆಗೆದು ಅತ್ತೆಯವರ ಹೆಸರೊಂದನ್ನೇ ಕಾರ್ಡಿನಲ್ಲಿ ಉಳಿಸಲು ಬರುತ್ತದೆಯೇ, ವಂತಿಗೆ ನಾನೇ ತುಂಬುತ್ತೇನೆ ಎಂದು ಬರೆದಿದ್ದೀ. ಕೆಳಗೆ ಕೆಂಪು ಮಸಿಯಲ್ಲಿ, ನಿಯಮದಲ್ಲಿ ಅವಕಾಶವಿಲ್ಲ, ಪ್ರಮುಖರು ಹೋದರೆ ಕಾರ್ಡು ಮುಗಿಯಿತು ಎಂದಿದೆ. ಅರ್ಜಿಯ ತಾರೀಖು ಅಕ್ಟೋಬರ್ ಹದಿನೆಂಟು. ಅದಾಗಿ ನಾಲ್ಕು ದಿನಕ್ಕೆ ನೀನು ನನಗೆ ಎರಡು ಸಾಲು ಬರೆದೆ. ನಾನು ಅದನ್ನು ಓದಿ ಹಪ್ಪಳ ಕಳಿಸಿದೆ.

"ಆ ಮಾಲಗಾಂವದ ಮನಿಷಾ ಒಳ್ಳೆಯವ ಅದಾನ್ರಿ" ಎಂದ ಮಾಯಪ್ಪ. "ಇನ್ನೂ ಕಾಯಾಕತ್ಯಾನ. ಚಾತುರ್ಮಾಸ ಕೂಡೂದ್ರಾಗ ಆಗಲಿಲ್ಲಂದ್ರ ಅವನ ತಾಯಿ ಬ್ಯಾರೆ ಕಡೆ ಮಾಡಾಕಿ. ಕೂಸು ಸಣ್ಣದೈತಿ, ಮನ್ಯಾಗ ನೋಡವ್ರಿಲ್ಲ."

"ಇದನ್ನೆಲ್ಲಾ ನಿನಗ ಯಾರ ಹೇಳಿದ್ರು?"

"ಈ ಮೇಜಿನ ಮುಂದ ಕುಂತು ಅಳವ್ರು ಎಲ್ಲಾ ಹೇಳ್ತಾರ್ರಿ ಅವ್ವಾರ."

ನೀನು ನನ್ನ ಮುಂದೆ ಒಮ್ಮೆಯೂ ಅತ್ತಿಲ್ಲ. ಬಾಹುಬಲಿಯನ್ನು ಒಯ್ದ ದಿನವೂ ಇಲ್ಲ. ಕಲ್ಲೆದೆಯವಳು ಎಂದು ನಾನು ನಾಲ್ಕು ಮಂದಿಗೆ ಹೇಳಿದ್ದೇನೆ.

ಅಲಕಾ, ನನ್ನನ್ನು ಕೇಳದೆ ನನ್ನ ಜೀವ ಹೊತ್ತುಕೊಳ್ಳಲು ನಿನಗೆ ಯಾರು ಹೇಳಿದ್ದರು? ಸುಳ್ಳು ಹೇಳಿ ನನ್ನ ಸಹಿ ಪಡೆದೆ. ನನ್ನ ಹೊಟ್ಟೆಯ ಗಡ್ಡೆಗಾಗಿ ಒಂದು ಕೂಸಿನ ತಾಯಿಯಾಗುವುದನ್ನು ಬಿಟ್ಟೆ. ಇದನ್ನು ಹೊತ್ತುಕೊಂಡು ನಾನು ಯಾವ ಮುಖದಿಂದ ಆಪರೇಶನ್ ಮೇಜಿನ ಮೇಲೆ ಮಲಗಲಿ?

ಪ್ರಮುಖರ ಹೊರತು ಕಾರ್ಡು ಮುಚ್ಚಲು ಬರುವುದಿಲ್ಲವಂತೆ. ಆದರೆ ಅವಲಂಬಿತರು ತಮ್ಮ ಹೆಸರನ್ನು ತಾವೇ ತೆಗೆಸಬಹುದಂತೆ. ಅವನ ಮೇಜಿನ ಮೇಲೆಯೇ ಎರಡು ಸಾಲಿನ ಅರ್ಜಿ ಬರೆದೆ. "ಅವ್ವಾರ, ಜುಲೈದಾಗ ಆಪರೇಶನ್ ಐತಿ, ವಿಚಾರ ಮಾಡ್ರಿ" ಎಂದ. "ಹೊಟ್ಟಿ ನಂದು, ವಿಚಾರಾನೂ ನಂದ" ಎಂದೆ. ಅವನು ನನ್ನ ಪುಟದ ಮೇಲೆ ಅಡ್ಡಗೆರೆ ಎಳೆದ. ಅಳತೆಕೋಲು ನಾನು ಹಿಡಿದುಕೊಂಡೆ.

ಇನ್ನು ಆ ಕಾರ್ಡಿನಲ್ಲಿ ಉಳಿದದ್ದು ನಿನ್ನ ಖಾಲಿ ಪುಟ. ಅದಕ್ಕಾಗಿ ಸಹಿ ಮಾಡುತ್ತ ಕೂರುವ ಕಾರಣವಿಲ್ಲ.

ಹೆದರಬೇಡ. ಡಾಕ್ಟರಮ್ಮನನ್ನು ಕೇಳಿದ್ದೇನೆ. ಗಡ್ಡೆ ಸಣ್ಣದಾಗಿದೆ, ಗುಳಿಗೆಯಿಂದಲೇ ಕರಗುತ್ತದೆ, ಆಪರೇಶನ್ ಬೇಡ ಎಂದಳು.

ಪದ್ಮವ್ವ


ಸಾಂಗ್ಲಿ
೬ ಏಪ್ರಿಲ್ ೧೯೮೯

ಅತ್ತೆಯವರಿಗೆ ನಮಸ್ಕಾರ.

ನಿಮ್ಮ ಪತ್ರ ಓದಿ ಮೊದಲು ಗಿರಣಿಗೆ ಓಡಿದೆ. ಒಮ್ಮೆ ತೆಗೆದ ಹೆಸರು ಮತ್ತೆ ಸೇರಿಸಲು ಬರುವುದಿಲ್ಲ ಎಂದರು. ಅಲ್ಲಿಂದ ನಿಮ್ಮ ಬಾಗಿಲಿಗೆ ಬಂದೆ. ಸೋನಾಬಾಯಿ ಅಡ್ಡ ನಿಂತು, "ಊರಿಗೆ ಹೋಗ್ಯಾಳವ್ವ, ಕಾಗವಾಡಕ್ಕ" ಎಂದರು. ಹಾಗೆನ್ನುವಾಗ ಅವರು ನನ್ನ ಕಡೆ ನೋಡಲಿಲ್ಲ. ನಿಮ್ಮ ಚಪ್ಪಲಿ ಹೊಸ್ತಿಲ ಹತ್ತಿರ ಇದ್ದವು.

ಡಾಕ್ಟರಮ್ಮ ಹಾಗೆ ಹೇಳಿದ್ದು ನಿಜವೇ? ನನ್ನ ಮೇಲೆ ಆಣೆಯಿಟ್ಟು ಬರೆಯಿರಿ.

ನೀವು ನನಗೆ ಅಂದ ಒಂದು ಮಾತಿಗೆ ನಾನು ಈವರೆಗೆ ಉತ್ತರ ಕೊಟ್ಟಿಲ್ಲ, ಈಗಲೂ ಕೊಡುವುದಿಲ್ಲ. ಇಷ್ಟೇ ಹೇಳುತ್ತೇನೆ. ಕಾರ್ಡು ಮನೆಯಲ್ಲಿ ಇದ್ದೂ ಒಬ್ಬರು ಹೋದದ್ದನ್ನು ನಾನು ಒಮ್ಮೆ ನೋಡಿದ್ದೇನೆ. ಇನ್ನೊಮ್ಮೆ ನೋಡಲಾರೆ ಎಂದು ಈ ಕಾರ್ಡು ಹಿಡಿದುಕೊಂಡಿದ್ದೆ. ತ್ಯಾಗವಲ್ಲ, ಭಯ.

ಅಲಕಾ


ಮಿರಜ
೧೦ ಏಪ್ರಿಲ್ ೧೯೮೯

ಅಲಕಾಗೆ,

ಬಾಗಿಲಲ್ಲಿದ್ದದ್ದು ಹಳೆಯ ಚಪ್ಪಲಿ.

ಡಾಕ್ಟರಮ್ಮ ಹೇಳಿದ್ದು ನಿಜ. ನಾನು ಆಣೆ ಇಡುವವಳಲ್ಲ.

ಮಾಲಗಾಂವದವರನ್ನು ಕರೆಸಿ ಮಾತಾಡಿದ್ದೇನೆ. ಹುಡುಗನ ತಾಯಿ ಸ್ವಲ್ಪ ಬಾಯಿಯವಳು, ಆದರೆ ಮನಸ್ಸಿನಲ್ಲಿ ಇಟ್ಟುಕೊಳ್ಳುವವಳಲ್ಲ. "ಹಿಂದಿನ ಅತ್ತಿ ಹೆಂಗಿದ್ಲು ಅಂತ ಕೇಳಿದ್ರ ನಿಮ್ಮ ಸೊಸಿ ಬಾಯೇ ಬಿಡೂದಿಲ್ಲ ನೋಡ್ರಿ" ಎಂದಳು. "ಹೇಳಾಕ ಒಳ್ಳೇದು ಇದ್ರ ಹೇಳತಿದ್ಲು" ಎಂದೆ. ಅವಳು ನಕ್ಕಳು. ನಾನೂ. ಅಕ್ಷಯ ತದಿಗೆಗೆ ಗೊತ್ತು ಮಾಡಿದೆವು. ಹಳೆಯ ಮನೆಯ ಹಿರಿಯರು ಒಪ್ಪಿದರು ಎಂದು ಎಲ್ಲರಿಗೂ ಹೇಳಲು ನಿನ್ನ ಅಣ್ಣನಿಗೆ ತಿಳಿಸು.

ವಿಧವೆಯಾದ ನಾನು ಉಡಿ ತುಂಬಲು ಬರುವುದಿಲ್ಲ. ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣದ ಕೊಂಬು, ಹಸಿರು ಕುಪ್ಪಸದ ಖಣ ನನ್ನ ಕೈಯಿಂದ ಆರಿಸಿ ಗಂಟು ಕಟ್ಟಿದ್ದೇನೆ. ಸೋನಾಬಾಯಿ ಬಂದು ತುಂಬುತ್ತಾಳೆ.

ನನ್ನ ದಾರಿ ನೋಡಬೇಡ.

ಪದ್ಮವ್ವ


ಮಾಲಗಾಂವ
೧೨ ಮೇ ೧೯೮೯

ಅತ್ತೆಯವರಿಗೆ ನಮಸ್ಕಾರ.

ಉಡಿ ತುಂಬಿದರು. ನಿನ್ನೆ ಗಿರಣಿಗೆ ಹೋಗಿ ಕಾರ್ಡು ಮುಚ್ಚಿ ಬಂದೆ. ಕುಟುಂಬ ಪ್ರಮುಖರು ಎಂಬಲ್ಲಿ ಕೊನೆಯ ಸಹಿ. ನೀವು ಹೇಳುವವರೆಗೆ ಬರುವುದಿಲ್ಲ, ಆದರೆ ಹೇಳಿ.

ಅಲಕಾ


ಸಾಂಗ್ಲಿ
೨೨ ನವೆಂಬರ್ ೧೯೮೯

ಚಿ. ಸೌ. ಅಲಕಾಗೆ,

ಈ ಪತ್ರವನ್ನು ಸಾಂಗ್ಲಿಯ ಸರ್ಕಾರಿ ದವಾಖಾನೆಯ ಹೆಂಗಸರ ವಾರ್ಡಿನಿಂದ ಬರೆಯುತ್ತಿದ್ದೇನೆ. ಕಿಟಕಿಯ ಹತ್ತಿರದ ಮಂಚ. ಬಂದು ಆರು ದಿನವಾಯಿತು.

ಡಾಕ್ಟರಮ್ಮ ಹಾಗೆ ಹೇಳಿರಲಿಲ್ಲ. ಗುಳಿಗೆಯಿಂದ ಕರಗುವ ಗಡ್ಡೆ ಅದಾಗಿರಲಿಲ್ಲ. ಮಿರಜದ ತಾರೀಖು ಜುಲೈಯಲ್ಲಿ ಬಂತು, ಹೋಯಿತು. ಇಲ್ಲಿ ಚೀಟಿ ಬರೆಸಿ ಪಾಳಿ ಕಾಯ್ದೆ. ಕಳೆದ ವಾರ ಹಿಟ್ಟಿನ ಮುಂದೆ ಕೂತಲ್ಲಿಯೇ ಬಿದ್ದೆನಂತೆ. ಹೆಂಗಸರು ರಿಕ್ಷಾದಲ್ಲಿ ಹಾಕಿಕೊಂಡು ಬಂದರು. ಎರಡು ಬಾಟಲಿ ರಕ್ತ ಏರಿಸಿದ್ದಾರೆ. ಒಂದು ಸೋನಾಬಾಯಿಯ ಗಂಡನದು. ಇನ್ನು ಮೇಲೆ ಅವನ ಬೀಡಿಯ ಚಟಕ್ಕೆ ನಾನು ಬೈಯುವ ಹಾಗಿಲ್ಲ.

ಇನ್ನೊಂದು ಮಾತನ್ನು ಎರಡು ವರ್ಷದಿಂದ ಬರೆಯಬೇಕಿತ್ತು. ಬಾಹುಬಲಿಗೆ ಕಾಮಾಲೆಯಾದಾಗ ನೀನು ಮೂರನೇ ದಿನವೇ, "ದವಾಖಾನಿಗೆ ಒಯ್ಯೂಣ್ರಿ, ಕಾರ್ಡ್ ಐತಲ್ಲ" ಎಂದಿದ್ದೆ. "ಕಾಮಣಿಗೆ ದವಾಖಾನ್ಯಾಗ ಔಷಧ ಇಲ್ಲ" ಎಂದು ನಾನು ಮ್ಹೈಸಾಳದಿಂದ ಬೇರು ತರಿಸಿ ಮೂಗಿಗೆ ಹಿಂಡಿದೆ, ತೋಳಿಗೆ ದಾರ ಕಟ್ಟಿಸಿದೆ. ಒಂಬತ್ತು ದಿನ ಕಾರ್ಡು ಟ್ರಂಕಿನಲ್ಲಿತ್ತು. ಟ್ರಂಕಿನ ಕೀಲಿ ನನ್ನ ಸೊಂಟದಲ್ಲಿತ್ತು. ನೀನು ಎರಡು ಸಲ ಕೈಚಾಚಿ ಕೇಳಿದೆ, ನಾನು ಕೊಡಲಿಲ್ಲ. ಆಮೇಲೆ ಆ ತಪ್ಪನ್ನು ಮಂದಿಯ ಮುಂದೆ ನಿನ್ನ ಮೇಲೆ ಹಾಕಿದೆ. ನೀನು ಬಾಯಿ ಬಿಡದೆ ಗಂಟು ಕಟ್ಟಿಕೊಂಡು ಹೋದೆ. ಯಾಕೆ ಹೋದೆ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಸುಳ್ಳು ಹೇಳುತ್ತಿದ್ದೆ.

ಈಗ ಕೆಲಸದ ಮಾತು. ನಾಡಿದ್ದು ಶುಕ್ರವಾರ ಆಪರೇಶನ್. ಅದಕ್ಕೆ ಮೊದಲು ಒಂದು ಕಾಗದದ ಮೇಲೆ ಸಂಬಂಧಿಕರ ಸಹಿ ಬೇಕಂತೆ. ಸೋನಾಬಾಯಿ ಮಾಡಲು ಮುಂದಾದಳು. ನೆರೆಮನೆಯವರದು ನಡೆಯುವುದಿಲ್ಲ ಎಂದು ನರ್ಸು ತೆಗೆದುಕೊಳ್ಳಲಿಲ್ಲ. "ನಿಮ್ಮವರು ಅಂತ ಯಾರೂ ಇಲ್ಲೇನು ಅಜ್ಜಿ?" ಎಂದು ಕೇಳಿದಳು. ಇದ್ದಾರೆ, ಮಾಲಗಾಂವದಲ್ಲಿ ಎಂದೆ. ನಿನ್ನ ಹೆಸರು ಬರೆಸಿದೆ. ಪಾರ್ಶ್ವನಾಥನ ಹೆಸರನ್ನೂ ಹಚ್ಚಿ ಸರಿಯಾಗಿಯೇ ಬರೆಸಿದೆ.

ಸಂಬಂಧ ಏನು ಎಂದು ಕೇಳಿದಳು. ಆ ಜಾಗ ಖಾಲಿ ಬಿಡಿಸಿದ್ದೇನೆ. ಸೊಸೆ ಎಂದು ಬರೆಸುವ ಹಕ್ಕನ್ನು ನಾನೇ ಬಿಟ್ಟುಕೊಟ್ಟೆ. ಬೇರೇನು ಬರೆಸಲೂ ನನಗೆ ಬಾಯಿ ಬರಲಿಲ್ಲ. ನೀನು ಬಂದು ನಿನಗೆ ತಿಳಿದದ್ದನ್ನು ತುಂಬು. ಏನೂ ತುಂಬದೆ ಬರೀ ಸಹಿ ಮಾಡಿದರೂ ಸಾಕು.

ಸೋನಾಬಾಯಿಯ ಗಂಡ ಈ ಪತ್ರವನ್ನು ಇವತ್ತೇ ನಿನ್ನ ಕೈಗೆ ಕೊಡುತ್ತಾನೆ. ನಾಳೆ ಸಂಜೆ ನಾಲ್ಕರಿಂದ ಆರರವರೆಗೆ ಒಳಗೆ ಬಿಡುತ್ತಾರೆ. ಮಾಲಗಾಂವದ ಬಸ್ಸು ಮಿರಜದವರೆಗೆ, ಅಲ್ಲಿಂದ ಹತ್ತು ನಿಮಿಷಕ್ಕೊಂದು ಇದೆ. ಕೂಸನ್ನು ಕರೆದುಕೊಂಡು ಬಂದರೂ ಆಗುತ್ತದೆ, ಕಿಟಕಿಯಿಂದ ಪೇರಲ ಗಿಡ ಕಾಣುತ್ತದೆ, ಗಿಳಿ ಬರುತ್ತವೆ.

ನನ್ನೆದುರು ಬರುವುದಕ್ಕೆಂದು ಕೈಯ ಬಳೆ ತೆಗೆದಿಟ್ಟು ಬರಬೇಡ.

ಪದ್ಮವ್ವ